ಉಪನೇತ್ರ ಪ್ರಸಂಗ

ಮನುಷ್ಯನ ಸುಖಕ್ಕೆ ಸಾಧನಗಳಾದ ನಿರ್ಮಾಣಗಳಲ್ಲಿ ಯಾವುದು ಮೇಲಾದುದೆಂದು ಕೇಳಿದರೆ ವಿಮಾನ, ವಿದ್ಯುದ್ದೀಪ, ದೂರವಾಣಿ ಇವುಗಳ ಹೆಸರನ್ನು ಹೇಳತಕ್ಕವರೇ ಬಹು ಮಂದಿ. ನಾವಾದರೋ ಅರುವತ್ತು ಸಂವತ್ಸರಗಳನ್ನು ದಾಟಿದವರು. ಮೂವತ್ತೆರಡು ವರ್ಷ ಹಳ್ಳಿಯ ಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ಈಗ ವಿಶ್ರಾಂತಿಯನ್ನು ಪಡೆದವರು. ನಮ್ಮನ್ನು ಕೇಳಿದರೆ, ಮೂಗಿನ ಮೇಲೆ ಕುಳಿತು ಎರಡು ಕಿವಿಗಳನ್ನೂ ಹಿಡಿದುಕೊಂಡಿರುವ ಕನ್ನಡಕದ ಹೆಸರನ್ನೇ ಹೇಳುವೆವು. ವಾಚಕರು ಇದನ್ನು ವಿನೋದವೆಂದು ಎಣಿಸಬಾರದು. ಈ ಅಲ್ಪ ವಸ್ತುವಿನ ವಿಷಯದಲ್ಲಿ ನಾವು ಜೀವಮಾನದಲ್ಲಿ ಎರಡು ಸಲ ಅಪರಾಧಿಗಳಾಗಿದ್ದೇವೆ. ಒಂದು ಮನೆಯಲ್ಲಿ, ಮತ್ತೊಂದು ಶಾಲೆಯಲ್ಲಿ. ಅದನ್ನು ಹೇಳಿಬಿಡೋಣವೆಂದೇ ಈ ಲೇಖನ.

ನಮ್ಮ ತಾಯಿಯವರು ನಾಲ್ಕನೆಯ ತರಗತಿಗೆ ಶಾಲೆಯನ್ನು ಬಿಟ್ಟವರು. ಆದರೆ ಅಕ್ಷರವನ್ನು ಬಿಟ್ಟವರಲ್ಲ. ನಾವು ಬಾಲಕರಾಗಿದ್ದಾಗ, ದೀಪ ಹಚ್ಚಿದ ಮೇಲೆ ಅವರು ಹಜಾರದ ಕಂಬಕ್ಕೆ ಒರಗಿ ಕುಳಿತು, ದಪ್ಪ ರಟ್ಟಿನ ರಾಮಾಯಣವನ್ನು ತೊಡೆಯ ಮೇಲಿಟ್ಟುಕೊಂಡು ಓದುತ್ತಿದ್ದರು. ನೆರೆಮನೆಯ ನಾಲ್ಕೈದು ಮಂದಿ ಹೆಂಗಸರು ಬತ್ತಿ ಹೊಸೆಯುತ್ತ ಕೇಳುತ್ತಿದ್ದರು. ನಮಗೆ ಕಾವ್ಯದ ರುಚಿ ಹತ್ತಿದ್ದು ಪಾಠಶಾಲೆಯ ಹಲಗೆಯ ಮೇಲಲ್ಲ, ಆ ಕಂಬದ ಬುಡದಲ್ಲಿ. ಅವರಿಗೆ ನಲವತ್ತೆರಡು ವರ್ಷವಾದಾಗ, ಎಂದರೆ 1982ರ ಸುಮಾರಿಗೆ, ಈ ವಾಚನವು ಕುಂಠಿತವಾಗತೊಡಗಿತು. ಮೊದಲು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಪುಸ್ತಕವನ್ನು ದೂರಕ್ಕೆ ಸರಿಸಿದರು. ಆಮೇಲೆ ತೋಳು ಸಾಲದಾಯಿತು. ತಲೆ ನೋಯುತ್ತದೆ ಎಂದರು. ಕಡೆಗೊಂದು ದಿನ ರಾಮಾಯಣವು ಹಳೆಯ ರೇಷ್ಮೆಯ ಚೂರೊಂದರಲ್ಲಿ ಸುತ್ತಿಸಿಕೊಂಡು ದೇವರ ಮನೆಯ ಗೂಡನ್ನು ಸೇರಿತು. ಅಲ್ಲಿಂದ ಮುಂದೆ ನವರಾತ್ರಿಯಲ್ಲಿ ಅದಕ್ಕೆ ಒಂದು ಹೂವು, ಒಂದು ಚಿಟಿಕೆ ಅಕ್ಷತೆ. ಓದುವ ವಸ್ತುವಾಗಿದ್ದುದು ಪೂಜಿಸುವ ವಸ್ತುವಾಯಿತು.

ಕಾರಣವನ್ನು ಕೇಳಿದರೆ, “ಹೊಗೆಗೆ ಕಣ್ಣು ಹೋಯಿತಪ್ಪ” ಎನ್ನುತ್ತಿದ್ದರು. ನಾವೂ ಅದನ್ನೇ ನಂಬಿದೆವು. ನಂಬುವುದಕ್ಕೆ ಆಧಾರವೂ ಇತ್ತು. ನಮ್ಮ ಅಡಿಗೆಮನೆಯಲ್ಲಿದ್ದುದು ಮಣ್ಣಿನ ಕೋಡೊಲೆ. ಉರಿಗೆ ತೆಂಗಿನ ಸೋಗೆ, ಅಡಕೆಯ ಹಾಳೆ, ಮಳೆಗಾಲದಲ್ಲಿ ಅರ್ಧ ನೆನೆದ ಸೌದೆ. ಬೆಳಗಿನ ಜಾವದಲ್ಲಿ ಊದುಗೊಳವೆಯನ್ನು ಹಿಡಿದು ಕುಳಿತ ಆಕೆ ಮೇಲಕ್ಕೆ ಎದ್ದಾಗ ಕಣ್ಣೆರಡೂ ಕೆಂಡವಾಗಿರುತ್ತಿದ್ದುವು. ಗೋಡೆಯೂ ತೊಲೆಯೂ ಮಸಿಯಿಂದ ಎಣ್ಣೆ ಬಳಿದಂತೆ ಹೊಳೆಯುತ್ತಿದ್ದುವು. ಕೆಮ್ಮಂತೂ ಆಕೆಗೆ ಮನೆಯ ಗಡಿಯಾರದಂತೆ ನಿತ್ಯವಾಗಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ಹಳ್ಳಿಯ ಜನಕ್ಕೆ ಉಪಯೋಗವಾಗತಕ್ಕ ಕೆಲಸಗಳನ್ನು ಮಾಡಬೇಕೆಂದು ‘ಅಸ್ತ್ರ’ ಎಂಬ ಒಂದು ವಿಭಾಗವನ್ನು ತೆರೆದರು. ಇಂಗ್ಲಿಷಿನ ಆದ್ಯಕ್ಷರಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಆ ವಿದ್ವಾಂಸರು ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಯಲ್ಲಿ ಕೇಂದ್ರವನ್ನಿಟ್ಟುಕೊಂಡು ಕೆಲಸಮಾಡಿದರು. ಅವರ ಕೈಯಿಂದ ಬಂದ ಒಲೆಗೆ ಅಸ್ತ್ರ ಒಲೆಯೆಂದೇ ಹೆಸರಾಯಿತು. ಅಡಿಗೆಮನೆಗೆ ಅಸ್ತ್ರವೇಕೆಂದು ನಾವು ಆಗ ನಕ್ಕಿದ್ದುಂಟು. 1989ರಲ್ಲಿ ನಮ್ಮ ಮನೆಗೂ ಅದು ಬಂದಿತು. ಅದರ ಮರ್ಮವು ಬಹಳ ಸರಳವಾದುದು. ಉರಿಯು ಬಯಲಿನಲ್ಲಿ ಚೆದರದಂತೆ ಸುತ್ತಲೂ ಮುಚ್ಚಿದ ಗೂಡು. ಸೌದೆಯ ಕೆಳಗೆ ಗಾಳಿ ನುಗ್ಗುವಂತೆ ಒಂದು ಜಾಲರಿ. ಮೊದಲನೆಯ ಪಾತ್ರೆಗೆ ತಗುಲಿ ಮಿಕ್ಕ ಶಾಖವು ವ್ಯರ್ಥವಾಗದೆ ಎರಡನೆಯದರ ಮತ್ತು ಮೂರನೆಯದರ ಬುಡವನ್ನು ಸವರಿಕೊಂಡು ಹೋಗುವುದು. ಕಡೆಗೆ ಉಳಿದ ಹೊಗೆಯು ಕೊಳವೆಯಿಂದ ಛಾವಣಿಯ ಮೇಲಕ್ಕೆ. ಅನ್ನ ಬೇಯುವಷ್ಟರಲ್ಲಿ ಪಕ್ಕದಲ್ಲಿ ಸಾರು ಕುದಿಯುತ್ತಿತ್ತು, ಆಚೆ ಸ್ನಾನಕ್ಕೆ ನೀರು ಬೆಚ್ಚಗಾಗುತ್ತಿತ್ತು. ಸೌದೆಯ ಖರ್ಚು ಕಣ್ಣಿಗೆ ಕಾಣುವಂತೆ ಇಳಿಯಿತು.

ಇಲ್ಲಿ ಒಂದು ಮಾತು. ಈ ಒಲೆಯ ಹೊಗೆಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಕಾಲಕಾಲಕ್ಕೆ ಅದನ್ನು ಬಡಿದು ಚೊಕ್ಕಟ ಮಾಡದಿದ್ದರೆ ಹೊಗೆಯು ಹಿಂದಿರುಗಿ ಒಳಕ್ಕೇ ಬರುವುದು. ನಮ್ಮ ಬೀದಿಯ ಎಷ್ಟೋ ಮನೆಗಳಲ್ಲಿ ಹೀಗಾಗಿ, ಒಲೆಯೇ ಕೆಟ್ಟದ್ದೆಂದು ನಿಂದಿಸಿ ಒಡೆದುಹಾಕಿದರು. ಗಂಡಸರು ಕೊಳವೆಯನ್ನು ಕಟ್ಟಿಸಿಕೊಟ್ಟರು, ಬಡಿಯುವುದಕ್ಕೆ ಛಾವಣಿಯನ್ನು ಏರಲಿಲ್ಲ. ಒಳ್ಳೆಯ ಸಾಧನಕ್ಕೆ ಒಳ್ಳೆಯ ಅಭ್ಯಾಸವು ಜೊತೆಗೂಡದಿದ್ದರೆ ಅದು ಅರ್ಧ ಸಾಧನವೇ ಸರಿ. ನಮ್ಮ ತಂದೆಯವರು ಮಾತ್ರ ಪ್ರತಿ ಅಮಾವಾಸ್ಯೆಗೆ ತಪ್ಪದೆ ಏಣಿ ಹಾಕುತ್ತಿದ್ದರು. ಈಗ ಆ ಒಲೆಯೂ ಇಲ್ಲ, ಅನಿಲದ ಒಲೆ ಬಂದಿದೆ. ಅದು ಬೇರೆಯ ಕಥೆ.

ಅಂತೂ ವರ್ಷ ತುಂಬುವುದರೊಳಗಾಗಿ ತಾಯಿಯವರ ಕೆಮ್ಮು ನಿಂತಿತು. ಕಣ್ಣಿನ ಕೆಂಪು ಮಾಯವಾಯಿತು. ಗೋಡೆಗೆ ಸುಣ್ಣ ಹೊಡೆಸಿದರೆ ಅದು ಬೆಳ್ಳಗೇ ಉಳಿಯಿತು. ಆದರೆ ರಾಮಾಯಣವು ಗೂಡಿನಿಂದ ಇಳಿಯಲಿಲ್ಲ. ಹೊಗೆ ಹೋದರೂ ಅಕ್ಷರ ಬರಲಿಲ್ಲ. ಆಗಲಾದರೂ ನಾವು ತರ್ಕಿಸಬೇಕಾಗಿತ್ತು. ಕಾರಣವು ನಿವೃತ್ತವಾದ ಮೇಲೂ ಕಾರ್ಯವು ನಿಂತಿದ್ದರೆ ಅದು ಕಾರಣವೇ ಅಲ್ಲವೆಂದು ತರ್ಕಸಂಗ್ರಹವನ್ನು ಓದಿದ ಹುಡುಗನೂ ಹೇಳಿಯಾನು. ನಾವು ತರ್ಕವನ್ನು ಪರೀಕ್ಷೆಗೆ ಓದಿದ್ದೆವು. ಮನೆಯಲ್ಲಿ ಅದನ್ನು ಉಪಯೋಗಿಸಬೇಕೆಂದು ತೋರಲಿಲ್ಲ. ವಯಸ್ಸಾಯಿತು ಎಂದುಕೊಂಡೆವು. ಆಕೆಗೆ ಆಗ ನಲವತ್ತೊಂಬತ್ತು ವರ್ಷ.

2007ರಲ್ಲಿ ನಮಗೇ ನಲವತ್ತಮೂರಾಯಿತು. ಕೋಶದ ಸಣ್ಣಕ್ಷರಗಳು ಇರುವೆಯ ಸಾಲಿನಂತೆ ಕದಲತೊಡಗಿದುವು. ನಾವು ಒಂದು ವಾರವೂ ತಡಮಾಡಲಿಲ್ಲ. ತಾಲ್ಲೂಕಿನ ವೈದ್ಯರಲ್ಲಿಗೆ ಹೋಗಿ ಕಣ್ಣು ತೋರಿಸಿಕೊಂಡು ಕನ್ನಡಕವನ್ನು ತಂದೆವು. ಅವರು ಸಮಾಧಾನವಾಗಿ ವಿವರಿಸಿದರು: ಕಣ್ಣಿನ ಒಳಗೆ ಇರುವ ಮಸೂರವು ಎಳೆತನದಲ್ಲಿ ಮೃದುವಾಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ, ನಲವತ್ತರ ಸುಮಾರಿಗೆ ಅದು ಬಿರುಸಾಗಿ ಉಬ್ಬಲಾರದೆ ಹೋಗುತ್ತದೆ, ಇದು ರೋಗವಲ್ಲ, ತಲೆ ನರೆಯುವಂತೆ ಎಲ್ಲರಿಗೂ ಬರತಕ್ಕದ್ದು, ಉಬ್ಬಿದ ಗಾಜೊಂದು ಹೊರಗಿನಿಂದ ಆ ಕೆಲಸವನ್ನು ಮಾಡಿಕೊಡುತ್ತದೆ. ನಾವು ತಲೆದೂಗಿದೆವು. ಎಲ್ಲರಿಗೂ ಎಂದು ಅವರು ಹೇಳಿದಾಗಲೂ ನಮ್ಮ ತಾಯಿಯವರ ನೆನಪು ನಮಗೆ ಬರಲಿಲ್ಲವೆಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ನಾವು ಶಾಲೆಯಿಂದ ಮುಂಚೆಯೇ ಬಂದೆವು. ಬೆಳಿಗ್ಗೆ ಅವಸರದಲ್ಲಿ ಕನ್ನಡಕವನ್ನು ಮನೆಯಲ್ಲಿಯೇ ಮರೆತು ಹೋಗಿದ್ದೆವು. ತಾಯಿಯವರು ಹಿಂದಿನ ಜಗಲಿಯಲ್ಲಿ ಮೊರದ ಮುಂದೆ ಕುಳಿತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಅವರ ಮೂಗಿನ ಮೇಲೆ ನಮ್ಮ ಕನ್ನಡಕ! ನಮ್ಮನ್ನು ಕಂಡ ಕೂಡಲೆ, ಬೆಲ್ಲ ಕದ್ದ ಮಗುವಿನಂತೆ ಅದನ್ನು ತೆಗೆದು ಸೆರಗಿನಿಂದ ಒರಸಿ ಮುಂದಕ್ಕೆ ನೀಡಿದರು. “ಧೂಳು ಒರಸೋಣವೆಂದು ಎತ್ತಿಕೊಂಡೆ. ಕೈಯ ಗೆರೆಗಳೆಲ್ಲ ಕಂಡವು. ಮೊರದಲ್ಲಿ ಇಷ್ಟು ಕಲ್ಲಿರುತ್ತದೆಂದು ನನಗೆ ಗೊತ್ತಿರಲಿಲ್ಲ, ಇಷ್ಟು ದಿನ ನಿಮಗೆಲ್ಲ ಕಲ್ಲಿನ ಅನ್ನವನ್ನೇ ಬಡಿಸಿದೆನಲ್ಲ” ಎಂದರು. ಆಕೆಗೆ ಆದ ವ್ಯಥೆ ಅದೊಂದೇ. ಏಕೆ ಹೇಳಲಿಲ್ಲವೆಂದು ನಾವು ಕೇಳಿದೆವು. ಹೇಳುವುದಕ್ಕೇನಿದೆ, ವಯಸ್ಸಾಗಲಿಲ್ಲವೆ ಎಂದರು. ಸ್ವಲ್ಪ ಹೊತ್ತಿನ ಮೇಲೆ, ಅಕ್ಕಿಯ ಕಡೆಗೆ ನೋಡುತ್ತ, ಕನ್ನಡಕ ಹಾಕಿಕೊಂಡರೆ ನೋಡಿದವರು ಏನೆಂದಾರು, ಅದೂ ನಿಮ್ಮ ತಂದೆ ಹೋದ ಮೇಲೆ, ಎಂದರು. ಕನ್ನಡಕವೆಂಬುದು ಗಂಡಸರ, ಓದುವವರ, ನೌಕರಿಯವರ ವಸ್ತು. ಒಲೆಯ ಮುಂದೆ ಕೂರುವವಳಿಗೆ, ಅದರಲ್ಲಿಯೂ ಗಂಡ ಸತ್ತವಳಿಗೆ ಅದೊಂದು ಅಲಂಕಾರವೆಂಬ ಭಾವನೆ ಆಕೆಯ ಮನಸ್ಸಿನಲ್ಲಿ ನೆಲೆಸಿತ್ತು. ನಾವು ಮನೆಯಲ್ಲಿ ಇದ್ದುಕೊಂಡೇ ಅದನ್ನು ಅರಿಯಲಿಲ್ಲ.

ಮರುದಿನವೇ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದೆವು. ಪೊರೆ ಇನ್ನೂ ಬಂದಿರಲಿಲ್ಲ. ಕನ್ನಡಕಕ್ಕೆ ಬಿದ್ದ ಬೆಲೆ 180 ರೂಪಾಯಿ. ಇಪ್ಪತ್ತೈದು ವರ್ಷಗಳ ಕತ್ತಲೆಗೆ 180 ರೂಪಾಯಿ! ಆ ಸಾಯಂಕಾಲ ರೇಷ್ಮೆಯ ಗಂಟು ಬಿಚ್ಚಿತು. ಪುಸ್ತಕದ ನಡುವೆ ಒಣಗಿದ ಹೂವುಗಳು ಹಾಳೆಗೆ ಅಂಟಿಕೊಂಡಿದ್ದುವು. ಅವನ್ನು ಒಂದೊಂದಾಗಿ ಬಿಡಿಸಿ, ಬಿಟ್ಟಿದ್ದ ಕಡೆಯಿಂದಲ್ಲ, ಮೊದಲಿನಿಂದಲೇ ಪ್ರಾರಂಭಿಸಿದರು. ಸ್ವರ ನಡುಗುತ್ತಿತ್ತು, ಕೇಳುತ್ತಿದ್ದ ಹೆಂಗಸರಲ್ಲಿ ಇಬ್ಬರು ಮಾತ್ರ ಬದುಕಿದ್ದರು. ಹನ್ನೆರಡು ವರ್ಷ, 2019ರಲ್ಲಿ ತೀರಿಕೊಳ್ಳುವವರೆಗೆ, ಓದಿದರು.

ಸಂಸ್ಕೃತ ಓದಿದವನಿಗೆ ವಸ್ತುವಿಗಿಂತ ಮುಂಚೆ ಹೆಸರಿನ ಮೇಲೆ ಕಣ್ಣು ಹೋಗುವುದು ಸಹಜ. ಇದಕ್ಕೆ ಸುಲೋಚನವೆಂದೂ ಉಪನೇತ್ರವೆಂದೂ ಹೆಸರುಂಟು. ನೇತ್ರ, ನಯನ ಎರಡೂ ಕರೆದೊಯ್ಯುವುದು ಎಂಬರ್ಥದ ಧಾತುವಿನಿಂದ ಬಂದುವು. ದಾರಿ ತೋರಿಸುವುದು ಕಣ್ಣು. ಅದರ ಸಮೀಪದಲ್ಲಿದ್ದು ಅದಕ್ಕೆ ಅನುಚರನಾಗಿರುವುದು ಉಪನೇತ್ರ. ನಮ್ಮ ನಾಡಿಗೂ ಇದು ನೆನ್ನೆ ಮೊನ್ನೆ ಬಂದುದಲ್ಲ. ವಿಜಯನಗರದ ರಾಜಗುರುಗಳಾಗಿದ್ದು 1539ರಲ್ಲಿ ಆನೆಗೊಂದಿಯಲ್ಲಿ ಬೃಂದಾವನಸ್ಥರಾದ ವ್ಯಾಸತೀರ್ಥರ ಚರಿತ್ರೆಯನ್ನು ಸೋಮನಾಥನೆಂಬ ಕವಿ ‘ವ್ಯಾಸಯೋಗಿಚರಿತ’ವೆಂಬ ಸಂಸ್ಕೃತ ಗ್ರಂಥದಲ್ಲಿ ಬರೆದಿದ್ದಾನೆ. ಯತಿಗಳು ಕಣ್ಣಿಗೆ ಗಾಜಿನ ಸಹಾಯವನ್ನಿಟ್ಟುಕೊಂಡು ತಾಳೆಯೋಲೆಯ ಗ್ರಂಥವನ್ನು ಓದುತ್ತಿದ್ದರೆಂಬ ವರ್ಣನೆ ಅದರಲ್ಲಿದೆ. ಪುಣೆಯ ಭಾಂಡಾರ್ಕರ್ ಪ್ರಾಚ್ಯವಿದ್ಯಾ ಮಂದಿರದ ಪಿ. ಕೆ. ಗೋಡೆಯವರು ಇದನ್ನು ಎತ್ತಿ ತೋರಿಸಿ, ಭಾರತದಲ್ಲಿ ಕನ್ನಡಕದ ಅತಿ ಹಳೆಯ ಉಲ್ಲೇಖಗಳಲ್ಲಿ ಒಂದೆಂದು ವಿಚಾರಮಾಡಿದ್ದಾರೆ. 1510ರಲ್ಲಿ ಪೋರ್ತುಗೀಸರು ಗೋವೆಯನ್ನು ಹಿಡಿದಿದ್ದರು. ವಿಜಯನಗರಕ್ಕೂ ಅವರಿಗೂ ಕುದುರೆಯ ವ್ಯಾಪಾರವಿತ್ತು. ಕುದುರೆಯ ಹಿಂದೆ ಗಾಜೂ ಬಂದಿದ್ದರೆ ಆಶ್ಚರ್ಯವೇನು?

ಹುಟ್ಟಿದ್ದು ಮಾತ್ರ ಇಟಲಿಯಲ್ಲಿ, ಹದಿಮೂರನೆಯ ಶತಮಾನದ ಕೊನೆಗೆ. ಪೀಸಾ ನಗರದ ಜೊರ್ದಾನೊ ಎಂಬ ಸಂನ್ಯಾಸಿಯು 1306ರಲ್ಲಿ ಫ್ಲಾರೆನ್ಸಿನಲ್ಲಿ ಮಾಡಿದ ಉಪದೇಶದಲ್ಲಿ, ಈ ವಿದ್ಯೆ ಹುಟ್ಟಿ ಇನ್ನೂ ಇಪ್ಪತ್ತು ವರ್ಷವಾಗಿಲ್ಲವೆಂದು ಹೇಳಿದ್ದಾನೆ. ಕಂಡುಹಿಡಿದವನ ಹೆಸರು ನಿಶ್ಚಯವಿಲ್ಲ. ಲೋಕೋಪಕಾರಿಗಳಿಗೆ ಹೀಗಾಗುವುದು ಹೊಸದಲ್ಲ. ಮೊದಲು ಬಂದುವು ಮುದುಕರಿಗೆ ಬೇಕಾದ ಉಬ್ಬುಗಾಜುಗಳು. ದೂರ ಕಾಣದವರಿಗೆ ಬೇಕಾದ ತಗ್ಗುಗಾಜು ಬರಲು ಹದಿನೈದನೆಯ ಶತಮಾನವಾಗಬೇಕಾಯಿತು. ಕಿವಿಗೆ ಸಿಕ್ಕಿಸುವ ಕಡ್ಡಿಗಳಂತೂ ಹದಿನೆಂಟನೆಯ ಶತಮಾನದವು. ಅಲ್ಲಿಯವರೆಗೆ ನಾಲ್ಕು ನೂರು ವರ್ಷ ಪಂಡಿತರು ಅದನ್ನು ಕೈಯಲ್ಲಿ ಹಿಡಿದೋ ಮೂಗಿಗೆ ಚಿಮಟಿಸಿಯೋ ಓದಿದರೆಂದರೆ ಅವರ ವಿದ್ಯಾಪ್ರೇಮವನ್ನು ಮೆಚ್ಚಬೇಕು. ಅಮೆರಿಕದ ಫ್ರಾಂಕ್ಲಿನ್ ಮಹಾಶಯನು 1785ರ ತನ್ನ ಪತ್ರದಲ್ಲಿ, ಮೇಲರ್ಧ ದೂರಕ್ಕೂ ಕೆಳಗರ್ಧ ಹತ್ತಿರಕ್ಕೂ ಇರುವಂತೆ ಗಾಜನ್ನು ಕತ್ತರಿಸಿ ಕೂಡಿಸಿಕೊಂಡಿರುವುದಾಗಿಯೂ, ಅದರಿಂದ ಊಟದ ತಟ್ಟೆಯೂ ಎದುರು ಕುಳಿತು ಮಾತನಾಡುವವನ ಮುಖವೂ ಕಾಣುವುದಾಗಿಯೂ, ಮುಖ ಕಂಡರೆ ಫ್ರೆಂಚ್ ಮಾತು ಹೆಚ್ಚು ಚೆನ್ನಾಗಿ ತಿಳಿಯುವುದಾಗಿಯೂ ಬರೆದಿದ್ದಾನೆ. ನಮ್ಮ ಮೂಗಿನ ಮೇಲೆ ಈಗ ಇರುವುದೂ ಆ ಜಾತಿಯದೇ.

ಇಂಥ ಹಳೆಯ ವಸ್ತುವು ಎಲ್ಲರಿಗೂ ತಲುಪಿರಬೇಕಷ್ಟೆ? ಜಾಗತಿಕ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ನಲವತ್ತರ ಮೇಲೆ ಬರುವ ಈ ಹತ್ತಿರದ ಮಬ್ಬಿಗೆ ತಕ್ಕ ಕನ್ನಡಕವಿಲ್ಲದವರೇ ಲೋಕದಲ್ಲಿ 82 ಕೋಟಿಗೂ ಹೆಚ್ಚು. ಅಸ್ಸಾಮಿನ ಚಹಾ ತೋಟಗಳಲ್ಲಿ 2017ರಲ್ಲಿ ಒಂದು ಪರೀಕ್ಷೆಯನ್ನು ನಡೆಸಿದರು. ನಲವತ್ತು ದಾಟಿದ 751 ಮಂದಿ ಕೂಲಿಗಾರರಲ್ಲಿ ಅರ್ಧದಷ್ಟು ಜನಕ್ಕೆ ಹತ್ತಿರದ ಕನ್ನಡಕವನ್ನು ಆಗಲೇ ಕೊಟ್ಟರು. ಉಳಿದವರಿಗೆ ಪರೀಕ್ಷೆ ಮುಗಿದ ಮೇಲೆ ಕೊಡುವುದೆಂದಿಟ್ಟರು. ಕನ್ನಡಕವಿದ್ದವರು ಕಿತ್ತ ಎಲೆಯ ತೂಕವು ಇಲ್ಲದವರಿಗಿಂತ ನೂರಕ್ಕೆ 21ರ ಮೇಲೆ ಹೆಚ್ಚಾಯಿತು. ಚಿಗುರನ್ನು ನೋಡಿ ಕೀಳುವ ಕೆಲಸ. ಕೂಲಿ ತೂಕದ ಮೇಲೆ. ಇದನ್ನು ಓದಿದಾಗ ನಮಗೆ ಮೊರದಲ್ಲಿದ್ದ ಕಲ್ಲುಗಳು ಜ್ಞಾಪಕಕ್ಕೆ ಬಂದುವು.

ಇನ್ನು ಎರಡನೆಯ ಅಪರಾಧ. ತಾಯಿಯವರ ಪ್ರಸಂಗವಾದ ಮೇಲೆ ನಮಗೆ ರಾತ್ರಿಯ ಹೊತ್ತು ಒಬ್ಬ ಹುಡುಗನ ನೆನಪು ಬರಲಾರಂಭಿಸಿತು. 1996ನೆಯ ಇಸವಿ, ಎಂಟನೆಯ ತರಗತಿ, ಸಂಸ್ಕೃತದ ಪಾಠ. ಕರಿಹಲಗೆಯ ಮೇಲೆ ನಾಗರಲಿಪಿಯಲ್ಲಿ ರಾಮ ಶಬ್ದವನ್ನು ಬರೆದು ಹುಡುಗರಿಂದ ಬರೆಯಿಸಿಕೊಳ್ಳುತ್ತಿದ್ದೆವು. ಈ ಹುಡುಗನು ಬಾಯಲ್ಲಿ ಹೇಳು ಎಂದರೆ ರಾಮಃ, ರಾಮೌ, ರಾಮಾಃ ಎಂದು ಗಂಟೆ ಬಾರಿಸಿದಂತೆ ಹೇಳುವನು. ಹಲಗೆಯಿಂದ ನಕಲು ಮಾಡು ಎಂದರೆ ವಿಸರ್ಗವೇ ಇಲ್ಲ, ಅನುಸ್ವಾರವೇ ಇಲ್ಲ. ಚುಕ್ಕೆಗಳೆಲ್ಲ ಮಾಯ. ಬರುವ ವಿದ್ಯೆಯನ್ನು ಬೇಕೆಂದೇ ಕೆಡಿಸುತ್ತಾನೆಂದು ನಮಗೆ ಕೋಪ ಬಂದಿತು. ನೂರು ಸಲ ಬರೆಯಿಸಿದೆವು. ಕೈಗೆ ಏಟನ್ನೂ ಕೊಟ್ಟೆವು. ಕಡೆಗೆ ಉದಾಸೀನಕ್ಕೆ ಶಿಕ್ಷೆಯೆಂದು ಎರಡನೆಯ ಸಾಲಿನಿಂದ ಕಡೆಯ ಬೆಂಚಿಗೆ ಕಳುಹಿಸಿದೆವು. ಚುಕ್ಕೆ ಕಾಣದವನನ್ನು ಇನ್ನೂ ದೂರಕ್ಕೆ ಕಳುಹಿಸಿದೆವು! ಗಣಿತದ ಉಪಾಧ್ಯಾಯರಿಗೂ ಅವನು ದಡ್ಡನೇ. ಅಲ್ಲಿ ದಶಮಾಂಶದ ಬಿಂದು ಕಾಣುತ್ತಿರಲಿಲ್ಲವೋ ಏನೋ. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ತಂದೆಯು ಯಾವುದೋ ಅಂಗಡಿಗೆ ಸೇರಿಸಿದನೆಂದು ಕೇಳಿದೆವು, ಮರೆತೆವು.

2009ರಲ್ಲಿ ಸಂತೆಯ ಊರಿನಲ್ಲಿ ಬೆಲ್ಲವನ್ನು ಕೊಳ್ಳಲು ಒಂದು ಅಂಗಡಿಗೆ ಹೋದಾಗ, ತಕ್ಕಡಿಯ ಹಿಂದೆ ಕುಳಿತಿದ್ದ ದಪ್ಪ ಗಾಜಿನ ಕನ್ನಡಕದ ಯುವಕನು ಎದ್ದುನಿಂತು ನಮಸ್ಕಾರ ಮಾಡಿದನು. ನಮಗೆ ಗುರುತು ಹತ್ತಲಿಲ್ಲ, ಅವನೇ ಹೇಳಿದನು. ಕನ್ನಡಕ ಯಾವಾಗ ಬಂದಿತೆಂದು ಕೇಳಿದೆವು. ಇಪ್ಪತ್ತೊಂದನೆಯ ವರ್ಷದಲ್ಲಿ, ಊರಿಗೆ ಬಂದ ಒಂದು ಕಣ್ಣಿನ ಶಿಬಿರದಲ್ಲಿ ಎಂದನು. “ಅಲ್ಲಿಯ ತನಕ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದುಕೊಂಡಿದ್ದೆ ಸಾರ್. ಕನ್ನಡಕ ಹಾಕಿಕೊಂಡು ಹೊರಗೆ ಬಂದರೆ ಹುಣಿಸೆಮರದಲ್ಲಿ ಒಂದೊಂದು ಎಲೆಯೂ ಬೇರೆ ಬೇರೆಯಾಗಿ ಇತ್ತು” ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, ನಗುತ್ತ, ರಾಮಃ ರಾಮೌ ರಾಮಾಃ ಎಂದು ಸಪ್ತಮೀ ವಿಭಕ್ತಿಯವರೆಗೆ ಒಂದೇ ಉಸಿರಿನಲ್ಲಿ ಹೇಳಿದನು. ಒಂದು ಅಕ್ಷರವೂ ತಪ್ಪಲಿಲ್ಲ. ನಾವು ಅವನಿಗೆ ಹೇಳಬೇಕಾದ ಮಾತೊಂದಿತ್ತು. ಗಿರಾಕಿಗಳು ಬಂದರು. ಬೆಲ್ಲವನ್ನು ಕಟ್ಟಿಸಿಕೊಂಡು ಹಣವನ್ನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಅಲ್ಲಿಯೇ ಇಟ್ಟು ಬಂದೆವು. ಆ ಮಾತನ್ನು ಇಂದಿಗೂ ಹೇಳಿಲ್ಲ.

ಅಂದಿನಿಂದ ನಿವೃತ್ತಿಯವರೆಗೆ ಪ್ರತಿ ಜೂನ್ ತಿಂಗಳಲ್ಲಿ ಪಾಠವನ್ನು ಪ್ರಾರಂಭಿಸುವ ಮೊದಲು ಒಂದು ಕೆಲಸವನ್ನು ಮಾಡುತ್ತ ಬಂದೆವು. ಹಾಲೆಂಡಿನ ಸ್ನೆಲ್ಲೆನ್ ಎಂಬ ವೈದ್ಯನು 1862ರಲ್ಲಿ ರಚಿಸಿದ, ಮೇಲಿನಿಂದ ಕೆಳಕ್ಕೆ ಅಕ್ಷರಗಳು ಕಿರಿದಾಗುತ್ತ ಹೋಗುವ ಪಟವು ವೈದ್ಯರ ಮನೆಗಳಲ್ಲಿ ಎಲ್ಲರೂ ನೋಡಿರುವುದೇ. ಅದರದೊಂದು ಪ್ರತಿಯನ್ನು ಬೆಳಕಿರುವ ಗೋಡೆಗೆ ತೂಗುಹಾಕಿ, ಅಳೆದು 6 ಮೀಟರು ದೂರದಲ್ಲಿ ಮಗುವನ್ನು ನಿಲ್ಲಿಸಿ, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಓದಿಸುವುದು. ಎರಡು ಕಣ್ಣನ್ನೂ ತೆರೆದು ಓದಿಸಿದರೆ, ಒಂದು ಕಣ್ಣಿನ ದೋಷವನ್ನು ಮತ್ತೊಂದು ಮುಚ್ಚಿಕೊಂಡುಬಿಡುತ್ತದೆ. ಕಷ್ಟಪಡುವ ಮಕ್ಕಳನ್ನು ಸರಕಾರದ ಕಣ್ಣಿನ ವೈದ್ಯರಲ್ಲಿಗೆ ಕಳುಹಿಸುತ್ತಿದ್ದೆವು. ಪರೀಕ್ಷೆ ವೈದ್ಯನ ಕೆಲಸವೇ. ಸಂಶಯಪಡುವುದು ಮಾತ್ರ ಉಪಾಧ್ಯಾಯನ ಮತ್ತು ತಾಯಿಯ ಕೆಲಸ. ಮಗು ಕಣ್ಣನ್ನು ಕಿರಿದು ಮಾಡಿಕೊಂಡು ನೋಡಿದರೆ, ಪುಸ್ತಕವನ್ನು ಮೂಗಿಗೆ ತಾಗಿಸಿಕೊಂಡರೆ, ದೂರದರ್ಶನದ ಪೆಟ್ಟಿಗೆಯ ಬಳಿಗೇ ಹೋಗಿ ಕುಳಿತರೆ, ಬೈಯುವುದಕ್ಕೆ ಮೊದಲು ಕಣ್ಣನ್ನು ತೋರಿಸುವುದು ಲೇಸು.

ಗೃಹಸ್ಥರಿಗೆ ಇನ್ನೆರಡು ಮಾತು. ಬಿಸಿಲಿನಲ್ಲಿ, ಬಯಲಿನಲ್ಲಿ ಆಡುವ ಮಕ್ಕಳಿಗೆ ಈ ದೂರದ ಮಬ್ಬು ಕಡಿಮೆ. ಚೀನದ ಗ್ವಾಂಗ್‌ಜೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಗೆ ಹೆಚ್ಚಾಗಿ ಆಡಿಸಿ ನೋಡಿದರು. 2015ರಲ್ಲಿ ಪ್ರಕಟವಾದ ಫಲವೇನೆಂದರೆ, ಮೂರು ವರ್ಷಗಳಲ್ಲಿ ಹೊಸದಾಗಿ ದೋಷ ಬಂದವರು ಆಡಿದವರಲ್ಲಿ ನೂರಕ್ಕೆ 30, ಆಡದವರಲ್ಲಿ 39ಕ್ಕೂ ಹೆಚ್ಚು. ನಮ್ಮ ಮೊಮ್ಮಗಳ ಕೈಯಿಂದ ದೂರವಾಣಿಯನ್ನು ಕಿತ್ತುಕೊಳ್ಳಲು ನಾವು ಈ ಲೆಕ್ಕವನ್ನು ಉಪಯೋಗಿಸಿ ನೋಡಿದೆವು, ಗೆದ್ದವಳು ಅವಳೇ. ಇನ್ನು ಕನ್ನಡಕವನ್ನು ಒಣ ಪಂಚೆಯಿಂದ ಉಜ್ಜತಕ್ಕದ್ದಲ್ಲ, ಧೂಳಿನ ಕಣವು ಗಾಜನ್ನು ಗೀಚುತ್ತದೆ. ನೀರಿನಲ್ಲಿ ತೊಳೆದು ಮೆತ್ತನೆಯ ಅರಿವೆಯಿಂದ ಒತ್ತಬೇಕು. ಸಂತೆಯಲ್ಲಿ ಸಿಕ್ಕುವ ಸಿದ್ಧ ಕನ್ನಡಕವು ಹತ್ತಿರದ ಓದಿಗೆ ಸಾಕಾದರೂ, ನಲವತ್ತಾದವರು ಒಮ್ಮೆ ವೈದ್ಯರಿಗೆ ಕಣ್ಣನ್ನು ತೋರಿಸಲೇಬೇಕು. ಕಣ್ಣಿನ ಒತ್ತಡದ ರೋಗವೂ ಸಕ್ಕರೆಯ ರೋಗವೂ ನೋವಿಲ್ಲದೆ ಒಳಗೊಳಗೇ ಕೆಲಸಮಾಡುತ್ತವೆ.

ನಿವೃತ್ತಿಯ ಹಿಂದಿನ ವರ್ಷ, 2023ರಲ್ಲಿ, ನಮ್ಮ ತರಗತಿಯ 34 ಮಕ್ಕಳಲ್ಲಿ ಮೂವರಿಗೆ ಕೆಳಗಿನ ಸಾಲುಗಳು ಕಾಣಲಿಲ್ಲ. ಇಬ್ಬರು ಹುಡುಗರಿಗೆ ತಿಂಗಳೊಳಗೆ ಕನ್ನಡಕ ಬಂದಿತು. ಮೂರನೆಯವಳು ಹುಡುಗಿ. ಅವಳ ತಂದೆಯು ಒಪ್ಪಲಿಲ್ಲ. ಈಗಲೇ ಕನ್ನಡಕ ಹಾಕಿದರೆ ನಾಳೆ ಗಂಡು ಸಿಕ್ಕುವುದಿಲ್ಲವೆಂದನು. ಮೂರು ಸಲ ಅವನ ಮನೆಗೆ ಹೋದೆವು. ಮೂರು ಸಲವೂ ಕಾಫಿ ಕೊಟ್ಟು ಕಳುಹಿಸಿದನು. ನಾಲ್ಕನೆಯ ಸಲ ನಮ್ಮ ಮನೆಯಾಕೆಯೂ ಜೊತೆಗೆ ಬಂದು, ಅಡಿಗೆಮನೆಗೆ ಹೋಗಿ ಆ ಹುಡುಗಿಯ ಅಜ್ಜಿಯೊಡನೆ ಬಹಳ ಹೊತ್ತು ಮಾತನಾಡಿದಳು. ಏನೆಂದು ಮಾತನಾಡಿದಳೋ ನಮಗೆ ಹೇಳಲಿಲ್ಲ. ಮುಂದಿನ ವಾರ ಅಜ್ಜಿಯೂ ಮೊಮ್ಮಗಳೂ ಕೂಡಿ ಆಸ್ಪತ್ರೆಗೆ ಹೋದರಂತೆ. ಇಬ್ಬರಿಗೂ ಕನ್ನಡಕ ಬಂದಿದೆ. ಹುಡುಗಿ ಶಾಲೆಯಲ್ಲಿ ಹಾಕಿಕೊಳ್ಳುತ್ತಾಳೆ, ನೆಂಟರು ಬಂದಾಗ ಬಿಚ್ಚಿಡುತ್ತಾಳೆ. ಅಜ್ಜಿ ಬಿಚ್ಚುವುದಿಲ್ಲ.